ಹುಳು ಹಣ್ಣಾದ ದಿನ ಸಿಕ್ಕಿಬಿದ್ದ ಕೊಲೆಗಾರ

ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೊರಟಿದ್ದ ಬಸ್ಸು ಶಿಡ್ಲಘಟ್ಟದೊಳಕ್ಕೆ ತಿರುಗಿದ್ದೇ ತಡ, ನನ್ನ ಮುಂದಿನ ಸೀಟಿನ ಹೆಂಗಸು ಸೆರಗು ಎಳೆದು ಮೂಗು ಮುಚ್ಚಿಕೊಂಡರು. ರೇಷ್ಮೆಗೂಡು ಬೇಯಿಸುವ ವಾಸನೆ. ಅಭ್ಯಾಸವಿಲ್ಲದವರಿಗೆ ಅದು ಹೊಟ್ಟೆ ತೊಳಸುವ ವಾಸನೆಯೇ. ನಾನು ಮಾತ್ರ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮದುವೆ ಮನೆಯಲ್ಲಿ ಬಿರಿಯಾನಿ ಡಬರಿಯ ಮುಚ್ಚಳ ತೆಗೆದಾಗ ಎಳೆಯುತ್ತೀವಲ್ಲ, ಹಾಗೆ ಉಸಿರೆಳೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹಿರಿಯರು "ಏನಪ್ಪಾ, ವಾಂತಿ ಬರೋ ಹಂಗಿದೆಯಾ?" ಅಂದರು. "ಇಲ್ಲ ಸಾರ್, ಹಸಿವಾಗ್ತಿದೆ" ಅಂದೆ. ಅವರು ಬ್ಯಾಗು ಎತ್ತಿಕೊಂಡು ಬೇರೆ ಸೀಟಿಗೆ ಹೋದರು.

ಅದೇ ಹೊತ್ತಿಗೆ ಹಿಂದೆ ಯಾರೋ ಫೋನಿನಲ್ಲಿ ಜೋರಾಗಿ ಕ್ರೈಂ ಸೀರಿಯಲ್ಲು ಹಾಕಿಕೊಂಡರು. ಡಡಂ ಡಡಂ ಅನ್ನುವ ಸಂಗೀತ, ಒಂದು ಕಿರುಚಾಟ, "ಸತ್ಯ ಹೇಳು, ಆವತ್ತು ಸಂಜೆ ಎಲ್ಲಿದ್ದೆ?" ಅನ್ನುವ ಗಡಸು ದನಿ. ಮೂಗಿಗೆ ಗೂಡಿನ ವಾಸನೆ, ಕಿವಿಗೆ ಕೊಲೆಯ ತನಿಖೆ. ಎರಡೂ ಒಟ್ಟಿಗೆ ಬಂದ ಕೂಡಲೇ ನಾನು ಬಸ್ಸಿನಲ್ಲಿರಲಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ, ಜಂಗಮಕೋಟೆ ಹತ್ತಿರದ ಚಿಕ್ಕಮ್ಮನ ಹುಳುಮನೆಯಲ್ಲಿದ್ದೆ.

ನಾನು ಅಲ್ಲಿಗೆ ಹೋದದ್ದು ರೇಷ್ಮೆಯ ಮೇಲಿನ ಪ್ರೀತಿಯಿಂದಲ್ಲ. ಬಿ.ಕಾಂ. ಮುಗಿಸಿದ್ದೆ ಅಂತ ನಾನು ಹೇಳುತ್ತಿದ್ದೆ. ಒಂದು ಪೇಪರು ಮಾತ್ರ ಪಾಸಾಗದೆ, ನನ್ನನ್ನು ಬಿಟ್ಟಿರಲಾರದೆ ಹಿಡಿದುಕೊಂಡಿತ್ತು. ಊರೂರಿನ ಫಂಕ್ಷನ್‌ಗಳಲ್ಲಿ ಮಿಮಿಕ್ರಿ ಮಾಡಿಕೊಂಡು ತಿರುಗುತ್ತಿದ್ದೆ. ಕೋಳಿ, ಜನರೇಟರು, ನಮ್ಮ ಪ್ರಿನ್ಸಿಪಾಲರು, ಸ್ಟಾರ್ಟ್ ಆಗದ ಟ್ರ್ಯಾಕ್ಟರು, ಎಲ್ಲ ನನ್ನ ಗಂಟಲಲ್ಲೇ ಇದ್ದವು. ಅಮ್ಮ ಒಂದು ದಿನ "ನಿನ್ನ ಬಾಯಿಗೆ ಇರೋಷ್ಟು ಕೆಲಸ ಕೈಗಿಲ್ಲ ಕಣೋ ಮಂಜ. ಹೋಗು, ಸರೋಜನ ಹತ್ರ ಸೊಪ್ಪು ಕುಯ್ಯಿ" ಅಂತ ಬಸ್ಸು ಹತ್ತಿಸಿದಳು.

ಸರೋಜಮ್ಮ ನನ್ನ ಚಿಕ್ಕಮ್ಮ. ಚಿಕ್ಕಪ್ಪ ಬಸ್ ಡ್ರೈವರು. ದೂರದ ರೂಟು, ಮನೆಗೆ ಬಂದರೆ ನೆಂಟರ ಹಾಗೆ ಕಾಫಿ ಕುಡಿದು ಹೋಗುವವರು. ಹಾಗಾಗಿ ಹಿಪ್ಪುನೇರಳೆ ತೋಟ, ಹುಳುಮನೆ ಎಲ್ಲ ಚಿಕ್ಕಮ್ಮನದೇ ಯಜಮಾನಿಕೆ. ಯಜಮಾನಿಕೆ ಅಂದೆನಲ್ಲ, ಅದಕ್ಕೆ ಮೇಲೊಂದು ಸುಪ್ರೀಂ ಕೋರ್ಟಿತ್ತು: ದೊಡ್ಡಪ್ಪ ಕೆಂಪಣ್ಣ, ಚಿಕ್ಕಪ್ಪನ ಅಣ್ಣ. ಜಮೀನು ಇನ್ನೂ ಭಾಗವಾಗಿರಲಿಲ್ಲ. ದೊಡ್ಡಪ್ಪನಿಗೆ ದ್ರಾಕ್ಷಿ ತೋಟ, ಪಿಕಪ್ ಗಾಡಿ, ಮತ್ತು ಪ್ರತಿ ವಾಕ್ಯಕ್ಕೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಆ 'ಖ್ಖರ್ರ್' ಅನ್ನು ನಾನು ಬಂದ ಮೊದಲ ವಾರವೇ ಕಲಿತುಬಿಟ್ಟೆ.

ನಾನು ಬರುವ ಮುಂಚಿನ ಬೆಳೆ ಚಿಕ್ಕಮ್ಮನಿಗೆ ಕೈಕೊಟ್ಟಿತ್ತು. ಸುಣ್ಣಕಟ್ಟು ರೋಗ ಬಂದು, ದಪ್ಪಗೆ ಬೆಳೆದಿದ್ದ ಹುಳುಗಳೆಲ್ಲ ಸೀಮೆಸುಣ್ಣದ ಕಡ್ಡಿಗಳಂತೆ ಸೆಟೆದು ಬಿದ್ದಿದ್ದವಂತೆ. ಹೊಸ ಬೆಳೆಗೆ, ಮೊಟ್ಟೆಯೊಡೆಸಿ ಮರಿ ಸಾಕಿ ಮಾರುವ ಚಾಕಿ ಸೆಂಟರಿನಿಂದ ಇರುವೆಗಿಂತ ಚೂರು ದೊಡ್ಡದಿದ್ದ ಮರಿಹುಳುಗಳನ್ನು ತಂದ ದಿನ ದೊಡ್ಡಪ್ಪ ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಸರೋಜಾ, ಇದೊಂದು ಬೆಳೆ ನೋಡ್ತೀನಮ್ಮ. ಇದೂ ಹೋಯ್ತು ಅಂದ್ರೆ ಹುಳ ಗಿಳ ಸಾಕು. ಶೆಡ್ಡು ನನ್ನ ದ್ರಾಕ್ಷಿ ಕ್ರೇಟಿಗಾಗುತ್ತೆ. ಸೊಪ್ಪಿನ ತೋಟ ಕಿತ್ತಾಕಿ ಗುಲಾಬಿ ಇಡಣ."

"ಆಗಲಿ ಭಾವ" ಅಂದರು ಚಿಕ್ಕಮ್ಮ. ಅಷ್ಟೇ. ಆಮೇಲೆ ಹೋಗಿ ಸುಣ್ಣ ಹೊಡೆದಿದ್ದ ಗೋಡೆಗೇ ಇನ್ನೊಂದು ಸಲ ಸುಣ್ಣ ಹೊಡೆದರು. ಆ ಮನೆಯಲ್ಲಿ ಅಡುಗೆ ಏನಾಗಬೇಕು ಅಂತ ಹೇಳುವವರು ಚಿಕ್ಕಮ್ಮನ ಅತ್ತೆ, ಯಾವ ಮದುವೆಗೆ ಯಾರು ಹೋಗಬೇಕು ಅಂತ ಹೇಳುವವರು ದೊಡ್ಡಪ್ಪ. ಚಿಕ್ಕಮ್ಮನ ಮಾತು ನಡೆಯುತ್ತಿದ್ದ ಒಂದೇ ಜಾಗ ಆ ಶೀಟಿನ ಶೆಡ್ಡು. ಅಲ್ಲಿ ಅವರೇ ಕಾನೂನು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿಗೆ ಕಾಲಿಡದೆ ಒಳಗೆ ಬರುವಂತಿಲ್ಲ, ತಲೆಗೆ ಎಣ್ಣೆ, ಮೈಗೆ ಸೆಂಟು ಹಾಕಿಕೊಂಡು ಬರುವಂತಿಲ್ಲ. ನನ್ನ ಬಾಡಿ ಸ್ಪ್ರೇಯನ್ನು ಮೊದಲ ದಿನವೇ ವಶಪಡಿಸಿಕೊಂಡರು. ಹುಳುಗಳು ಬದುಕಿದವು, ನನ್ನ ಪಕ್ಕ ಸೊಪ್ಪು ಕುಯ್ಯುವವರು ಹೇಗೆ ಬದುಕಿದರೋ ಅವರನ್ನೇ ಕೇಳಬೇಕು.

ಇನ್ನು ಸೀರಿಯಲ್ಲಿಗೆ ಬರುತ್ತೇನೆ. ಶನಿವಾರ, ಭಾನುವಾರ ಸಂಜೆ ಬರುತ್ತಿತ್ತು, 'ಕೊನೆಯ ಹೊಲಿಗೆ' ಅಂತ. ಒಂದು ಸಣ್ಣ ಪೇಟೆ. ಅಲ್ಲಿ ಟೈಲರ್ ಗೋವಿಂದರಾಜುವಿನ ಕೊಲೆ. ಅನುಮಾನ ಮೂವರ ಮೇಲೆ: ಹೆಂಡತಿ ಪದ್ಮ, ತಮ್ಮ ರಮೇಶ, ಎದುರಿನ ಹಿಟ್ಟಿನ ಗಿರಣಿ ಸಾಹುಕಾರ. ತನಿಖೆಗೆ ಬಂದವನು ಇನ್‌ಸ್ಪೆಕ್ಟರ್ ಧರ್ಮರಾಜ, ಅವನ ಬೆನ್ನಿಗೆ ಕಾನ್‌ಸ್ಟೇಬಲ್ ತಿಪ್ಪೇಶ. ಧರ್ಮರಾಜ ಬೇರೆ ಸೀರಿಯಲ್ ಪೊಲೀಸರ ಹಾಗೆ ಟೇಬಲ್ ಗುದ್ದುವವನಲ್ಲ. ಜೇಬಿನಿಂದ ಕಡಲೆಕಾಯಿ ತೆಗೆದು ಒಂದೊಂದೇ ಸುಲಿಯುತ್ತಾ ಕೂರುತ್ತಿದ್ದ. ಎದುರಿಗಿದ್ದವನು ಸುಳ್ಳು ಹೇಳುತ್ತಾ ಹೋದರೆ ಸಿಪ್ಪೆ ಪಕ್ಕಕ್ಕಿಟ್ಟು, "ಹ್ಞೂಂ... ಆಮೇಲೆ?" ಅನ್ನುತ್ತಿದ್ದ. ಅಷ್ಟೇ! ಅಷ್ಟಕ್ಕೇ ಎದುರಿಗಿದ್ದವನ ಹಣೆಯಲ್ಲಿ ಬೆವರು, ನಮ್ಮ ಅಂಗೈಯಲ್ಲಿ ಬೆವರು.

ಸೊಪ್ಪು ಕುಯ್ಯಲು ಬರುತ್ತಿದ್ದ ಇಬ್ಬರು ಸಂಜೆ ಕಾಫಿಗೆ ಅಂತ ಚಿಕ್ಕಮ್ಮನ ಹಾಲಿನಲ್ಲಿ ಕೂತು ಅದನ್ನು ನೋಡುತ್ತಿದ್ದರು. ಒಬ್ಬರು ಅಕ್ಕಯಮ್ಮ. ಬೊಕ್ಕಬಾಯಿ, ಮಾತೃಭಾಷೆ ತೆಲುಗು, ಕನ್ನಡವನ್ನೂ ತೆಲುಗಿನ ರಾಗದಲ್ಲೇ ಆಡುವ ಮುದುಕಿ. ಇನ್ನೊಬ್ಬಳು ಪಕ್ಕದ ಮನೆಯ ಸೊಸೆ ಶೋಭ. ನನ್ನ ವಯಸ್ಸಿನವಳೇ, ನಾಲಿಗೆ ಮಾತ್ರ ನನ್ನದಕ್ಕಿಂತ ಉದ್ದ. ಭಾನುವಾರ ನೋಡಿದ್ದನ್ನು ಸೋಮವಾರ ಬೆಳಗ್ಗೆ ತೋಟದಲ್ಲಿ ಕೆದಕುವುದು. ಹಿಪ್ಪುನೇರಳೆ ಸಾಲುಗಳ ನಡುವೆ ಕುಡುಗೋಲು ಹಿಡಿದುಕೊಂಡು ಕೊಲೆಯ ವಿಚಾರ ಮಾಡುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಂತು ನೋಡಿ ಸರಸರ ಹೋಗುತ್ತಿದ್ದರು.

"ಪದ್ಮನೇ ಕೊಂದಿರೋದು" ಅಂತ ಶೋಭ. "ಗಂಡ ಸತ್ತಿದಾನೆ, ಮೂರನೇ ದಿನಕ್ಕೆ ಜಡೆ ನೋಡಿದ್ರಾ? ಎಷ್ಟು ನೀಟಾಗಿ ಹೆಣೆದವ್ಳೆ!"

"ಜಡೆ ಹೆಣೆದವರೆಲ್ಲ ಕೊಲೆಗಾರರಾದ್ರೆ ಮೊದಲು ನಿನ್ನ ಹಿಡೀಬೇಕು" ಅಂದೆ.

"ಬಾಚಣಿಗೆ ಮುಟ್ಟದವರನ್ನ ಹಿಡಿಯೋದಾದ್ರೆ ನಿಮ್ಮನ್ನ, ಮಂಜಣ್ಣ."

ಅಕ್ಕಯಮ್ಮ ಮಾತ್ರ ಬೇರೆ ದಿಕ್ಕು ಹಿಡಿದಿದ್ದರು. "ಆ ತಿಪ್ಪೇಶ ವಾಡೇ, ಅವನೇ ರಾ. ನೀನು ನೋಡಲಿಲ್ವಾ? ಸತ್ತವನ ಮನೆಗೆ ಮೊದಲ್ನೇ ಸಲ ಬಂದ. ಯಾರನ್ನೂ ಕೇಳಲಿಲ್ಲ, ಸೀದಾ ಅಡುಗೆಮನೆ ಬಾಗಿಲ ಹಿಂದಕ್ಕೆ ಕೈ ಹಾಕಿ ಬಿಂದಿಗೆಯಿಂದ ನೀರು ಬಗ್ಗಿಸ್ಕೊಂಡು ಕುಡಿದ. ಬಿಂದಿಗೆ ಅಲ್ಲಿದೆ ಅಂತ ವಾಡಿಗೆ ಹೆಂಗೆ ಗೊತ್ತು?"

ನಾವು ನಕ್ಕೆವು. ತಿಪ್ಪೇಶ ಆ ಸೀರಿಯಲ್ಲಿನ ಜೋಕರು. ಟೋಪಿ ಬೀಳಿಸಿಕೊಳ್ಳುವವನು, ಬೈಕಿಗೆ ಪೆಟ್ರೋಲು ಮರೆಯುವವನು. ಅವನ ಮೇಲೆ ಅನುಮಾನ ಪಡುವುದು ಮನೆಯ ಬೆಕ್ಕಿನ ಮೇಲೆ ಕೇಸು ಹಾಕಿದ ಹಾಗೆ. ಆದರೆ ಅಕ್ಕಯಮ್ಮ ಬಿಡಲಿಲ್ಲ. ಪ್ರತಿ ಸೋಮವಾರ ಆ ಬಿಂದಿಗೆಯನ್ನು ತಂದು ನಮ್ಮ ಮಧ್ಯೆ ಇಡುತ್ತಿದ್ದರು.

ನಾನು ಆಮೇಲೆ ಎಷ್ಟೋ ಕ್ರೈಂ ಕತೆಗಳನ್ನು ನೋಡಿದ್ದೇನೆ. ಹೆಲಿಕಾಪ್ಟರಿನ ಮೇಲಿಂದ ತೆಗೆದವು, ರಕ್ತವನ್ನು ಕೊಡದಲ್ಲಿ ಸುರಿದವು. ನೋಡಿದ ವಾರವೇ ಮರೆತು ಹೋಗುತ್ತವೆ. 'ಕೊನೆಯ ಹೊಲಿಗೆ' ಮಾತ್ರ ಮನಸ್ಸಿನಲ್ಲಿ ನಿಂತಿದೆ, ಯಾಕೆಂದರೆ ಅದರಲ್ಲಿದ್ದಂಥ ಜನ ನಮಗೆ ದಿನಾ ಸಿಗುತ್ತಿದ್ದರು. ಗಿರಣಿ ಸಾಹುಕಾರ ಥೇಟ್ ದೊಡ್ಡಪ್ಪನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಪದ್ಮ ಅಳುವ ಮುಂಚೆ ಒಲೆ ಆರಿಸುತ್ತಿದ್ದಳು, ಹಾಲು ಉಕ್ಕಬಾರದಲ್ಲ! ಟೈಲರನ ಅಂಗಡಿಯ ಗೋಡೆಗೆ ಹೊಲಿದು ಯಾರೂ ಒಯ್ಯದ ಬ್ಲೌಸುಗಳು ನೇತಾಡುತ್ತಿದ್ದವು. ಶೋಭ ಅದನ್ನು ನೋಡಿ "ಅಯ್ಯೋ, ಶಿಡ್ಲಘಟ್ಟದಲ್ಲಿ ನನ್ನದೂ ಒಂದು ಹಿಂಗೇ ಇದೆ" ಅಂತ ನಿಜವಾಗಿ ಭಯಪಟ್ಟಳು. ಕೊಲೆ ದೂರದಲ್ಲಾದರೆ ಸುದ್ದಿ. ನಮ್ಮ ಬ್ಲೌಸು ಹೊಲಿಯಲು ಕೊಟ್ಟ ಅಂಗಡಿಯಲ್ಲಾದರೆ? ಹಿತ್ತಲಿಗೆ ಒಬ್ಬರೇ ಹೋಗೋದು ನಿಲ್ಲುತ್ತದೆ.

ನಾನು ಮೂರೂ ಹೊತ್ತು ಅವರೆಲ್ಲರ ದನಿ ತೆಗೆಯುತ್ತಿದ್ದೆ. ಹುಳುಗಳಿಗೆ ಸೊಪ್ಪು ಹಾಸುತ್ತಾ ಧರ್ಮರಾಜ, ಕಸ ತೆಗೆಯುತ್ತಾ ತಿಪ್ಪೇಶ. ಒಂದು ದಿನ ಆಟ ಜಾಸ್ತಿಯಾಗಿ, ಶೆಡ್ಡಿನ ಹೊರಗೆ ನಿಂತು ದೊಡ್ಡಪ್ಪನ ಗಂಟಲಲ್ಲಿ "ಖ್ಖರ್ರ್... ಸರೋಜಾ, ಕ್ರೇಟು ಬಂದ್ವು, ಬಾಗಿಲು ತೆಗಿ!" ಅಂದೆ. ಒಳಗಿನಿಂದ ನಗು ಬರುತ್ತದೆ ಅಂದುಕೊಂಡೆ. ಚಿಕ್ಕಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ಇತ್ತು, ಮುಖ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ, "ಏನ್ ಬೇಕಾದ್ರೂ ಆಡ್ಕೋ. ಇದನ್ನ ಆಡಬೇಡ ಕಣೋ" ಅಂದರು. ಆವತ್ತಿನಿಂದ ಕ್ರೇಟು ಅನ್ನುವ ಪದ ನನ್ನ ಬಾಯಿಂದ ಹೋಯಿತು.

ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದವು. ಜ್ವರ ಅಂದರೆ ಕಾಯಿಲೆಯಲ್ಲ; ಹುಳು ಮೇಯುವುದು ಬಿಟ್ಟು, ತಲೆಯೆತ್ತಿ ಸುಮ್ಮನೆ ಮಲಗಿ, ಹಳೇ ಚರ್ಮ ಬಿಡುವ ಕಾಲ. ನಾಲ್ಕನೆಯದು ಮುಗಿದ ಮೇಲೆ ಅವು ತಿನ್ನುವುದನ್ನು ನೋಡಬೇಕು! ಸೊಪ್ಪು ಹಾಕಿದ ಕೂಡಲೇ ಶೆಡ್ಡಿನ ತುಂಬ ಮಳೆ ಹುಯ್ದಂಥ ಸದ್ದು. ಹೊರಗೆ ಸೋನೆ, ಒಳಗೆ ಈ ಸೋನೆ. ರೋಗದ ಗುರುತು ಒಂದೂ ಇಲ್ಲ. ಚಿಕ್ಕಮ್ಮ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ದೃಷ್ಟಿಯಾಗುತ್ತದೆ ಅಂತ. ಆದರೆ ಸೊಪ್ಪು ಹಾಸುವಾಗ ಹಾಡು ಗುನುಗತೊಡಗಿದರು.

ಅತ್ತ ಟಿವಿಯಲ್ಲಿ ಜಾಹೀರಾತು ಶುರುವಾಯಿತು: ಭಾನುವಾರ ಸಂಜೆ ಐದಕ್ಕೆ 'ಕೊನೆಯ ಹೊಲಿಗೆ'ಯ ಮಹಾಸಂಚಿಕೆ, ಕೊಲೆಗಾರ ಯಾರು ಅಂತ ಅವತ್ತೇ ಬಯಲು. ಊರಿಗೆ ಊರೇ ಭಾನುವಾರ ಕಾಯುತ್ತಿತ್ತು.

ಹುಳುಗಳೂ ಅದೇ ಭಾನುವಾರವನ್ನು ಕಾಯುತ್ತಿದ್ದವು ಅಂತ ಯಾರಿಗೆ ಗೊತ್ತು?

ಬೆಳಗ್ಗೆ ಚಿಕ್ಕಮ್ಮ ಒಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದರು. ಮೈ ತಿಳಿಯಾಗಿ, ಹಣ್ಣು ದ್ರಾಕ್ಷಿಯ ಹಾಗೆ ಹಳದಿಗೆ ಹೊಳೆಯುತ್ತಿತ್ತು. "ಹಣ್ಣಾಯ್ತು" ಅಂದರು. ಹಣ್ಣಾದ ಹುಳು ತಿನ್ನುವುದನ್ನು ಬಿಡುತ್ತದೆ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟೆಯ ಮೇಲೆ ಸುರುಳಿ ಸುತ್ತಿದ ಪಟ್ಟಿಗಳ ನಡುವೆ, ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ನೂಲು ಬಿಟ್ಟು, ಒಂದಕ್ಕೊಂದು ಅಂಟಿಕೊಂಡು, ಕೊಳಕು ಗೂಡಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಶೆಡ್ಡಿನ ಈ ತುದಿಯಿಂದ ಆ ತುದಿವರೆಗೂ ಹುಳುಗಳು ತಲೆಯೆತ್ತಿ ಆಡಿಸುತ್ತಿವೆ. ಎಲ್ಲವೂ ಒಟ್ಟಿಗೇ ಹಣ್ಣು!

ನಮ್ಮ ಕಡೆ ಇದಕ್ಕೆ ಮುಯ್ಯಾಳು ಅಂತ ಪದ್ಧತಿ. ನಿಮ್ಮ ಹುಳು ಹಣ್ಣಾದಾಗ ನಾವು, ನಮ್ಮದು ಹಣ್ಣಾದಾಗ ನೀವು. ಕರೆದರೆ ಇಲ್ಲ ಅನ್ನುವಂತಿಲ್ಲ. ಆವತ್ತೂ ಯಾರೂ ಇಲ್ಲ ಅನ್ನಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು: "ಬರ್ತೀವಿ ಸರೋಜಕ್ಕ, ಸೀರಿಯಲ್ ಮುಗಿದ ತಕ್ಷಣ."

ಚಿಕ್ಕಮ್ಮ ಫೋನಿಟ್ಟು ನನ್ನ ಮುಖ ನೋಡಿದರು. "ಮುಗಿಯೋ ಹೊತ್ತಿಗೆ ಅರ್ಧ ಹುಳ ಕಡ್ಡೀಲಿ ಗೂಡು ಕಟ್ಟಿರ್ತವೆ. ಭಾವನ ಕ್ರೇಟು ಬಂದಂಗೇ."

ಅವರೇ ಆ ಪದ ಆಡಿದ ಮೇಲೆ ನನ್ನ ಮೈಯೊಳಗೆ ಏನೋ ಹೊಕ್ಕಿತು. ಬೀದಿಯ ವಾಟ್ಸಾಪ್ ಗ್ರೂಪು ತೆಗೆದು, ಧರ್ಮರಾಜನ ದನಿಯಲ್ಲಿ ವಾಯ್ಸ್ ನೋಟ್ ಹಾಕಿದೆ. ಮೊದಲು ಕಡಲೆಕಾಯಿ ಒಡೆದ ಸದ್ದು. ಆಮೇಲೆ ನಿಧಾನವಾಗಿ: "ಹ್ಞೂಂ... ಸಾಕ್ಷಿದಾರರ ಗಮನಕ್ಕೆ. ಕೊನೆಯ ವಿಚಾರಣೆ ಈ ಸಲ ಠಾಣೆಯಲ್ಲಿ ಇಲ್ಲ, ಸರೋಜಮ್ಮನವರ ಹುಳುಮನೆಯಲ್ಲಿ. ಕೊಲೆಗಾರನನ್ನು ಅಲ್ಲೇ ಹಾಜರುಪಡಿಸಲಾಗುವುದು. ಕಾಲು ತೊಳೆದು ಬನ್ನಿ."

ಮೊದಲು ಬಂದವಳು ಶೋಭ. "ಏನ್ ಮಂಜಣ್ಣ, ಟಿವಿ ಇಲ್ಲಿಗೆ ತರ್ತೀರಾ?"

"ಟಿವಿ ತಂದ್ರೆ ಕಣ್ಣು ಟಿವಿ ಮೇಲಿರುತ್ತೆ" ಅಂದರು ಚಿಕ್ಕಮ್ಮ. "ಹಣ್ಣು ಹುಳ ಯಾವುದು, ಕಾಯಿ ಯಾವುದು ಅಂತ ಕಣ್ಣಲ್ಲೇ ನೋಡಬೇಕು. ಕಣ್ಣು ನನಗೆ ಕೊಡಿ, ಕಿವಿ ಇವನಿಗೆ ಕೊಡಿ."

ಆಯಿತಲ್ಲ ಒಪ್ಪಂದ! ಶೀಟಿನ ಕೆಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹೊರಗೆ ಹೊಂಗೆಮರದ ಕೆಳಗೆ, ಶೆಡ್ಡಿನ ಬಲೆ ಕಿಟಕಿಗೆ ಆತುಕೊಂಡು ನಿಂತರೆ ಸಿಗುತ್ತಿತ್ತು. ಫೋನಿನ ಸ್ಪೀಕರಿಗೋ ಸೊಳ್ಳೆಯ ಗಂಟಲು. ಹಾಗಾಗಿ ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುವುದು, ನೋಡಿದ್ದನ್ನು ಕಿಟಕಿಯಿಂದ ಒಳಗೆ ಎಲ್ಲರ ದನಿಯಲ್ಲೂ ಆಡುವುದು. ಐದು ಗಂಟೆಗೆ ಬೀದಿಯ ಹೆಂಗಸರು, ಒಂದಿಬ್ಬರು ಗಂಡಸರು ಬ್ಲೀಚಿಂಗ್ ನೀರಿಗೆ ಕಾಲದ್ದಿ ಒಳಗೆ ಸಾಲಾಗಿ ನಿಂತರು. ಸೀರಿಯಲ್ಲಿನ ಶುರುವಿನ ಸಂಗೀತವನ್ನೂ ನಾನೇ ಬಾರಿಸಿದೆ. ಜಾಹೀರಾತು ಬಂದಾಗ ಸೋಪು, ಟೂತ್‌ಪೇಸ್ಟು ಎಲ್ಲ ಮಾರಿದೆ.

"ಜಾಹೀರಾತು ಬೇಡ ಬಿಡೋ!" ಅಂತ ಒಳಗಿನಿಂದ ಕೂಗು.

"ಪ್ರಾಯೋಜಕರು ಬೇಜಾರಾಗ್ತಾರೆ ಅಮ್ಮಾ."

ಗಮ್ಮತ್ತು ಏನು ಗೊತ್ತಾ? ಕತೆ ಬಿಗಿಯಾದಷ್ಟೂ ಕೈಗಳು ಚುರುಕಾದವು. ಧರ್ಮರಾಜ ಕಡಲೆಕಾಯಿ ಸುಲಿಯುವಾಗ ಶೆಡ್ಡಿನಲ್ಲಿ ಪಿಸುಮಾತಿಲ್ಲ, ಬೆರಳುಗಳು ಮಾತ್ರ ಸರಸರ ಓಡುತ್ತಿವೆ. ಪದ್ಮ ಅತ್ತರೆ ಹುಳು ಆರಿಸುತ್ತಲೇ ಎಲ್ಲರೂ ಲೊಚಗುಟ್ಟುತ್ತಾರೆ. ತುಂಬಿದ ಚಂದ್ರಿಕೆಗಳು ಒಂದಾದ ಮೇಲೊಂದು ಹೊರಗಿನ ಚಪ್ಪರಕ್ಕೆ ಹೋಗುತ್ತಿವೆ.

ಆಗ ಬಂದರು ದೊಡ್ಡಪ್ಪ. ಕೈಯಲ್ಲಿ ಅಳತೆ ಟೇಪು! ಕ್ರೇಟು ಎಷ್ಟು ಹಿಡಿಯುತ್ತವೆ ಅಂತ ಶೆಡ್ಡು ಅಳೆಯಲು ಬಂದಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ಅವರನ್ನೂ ಟೇಪನ್ನೂ ನೋಡಿದರು. ತುಂಬಿದ ಚಂದ್ರಿಕೆಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟು, "ಒಂಚೂರು ಹಿಡೀರಿ ಭಾವ, ವಾಲಿಸಬೇಡಿ" ಅಂದರು. ಟೇಪು ಜೇಬಿಗೆ ಹೋಯಿತು. ಅದನ್ನು ಚಪ್ಪರಕ್ಕೆ ಇಟ್ಟು ಬರುವಷ್ಟರಲ್ಲಿ ಇನ್ನೊಂದು ತಯಾರಿತ್ತು. ನಾನು ಗಿರಣಿ ಸಾಹುಕಾರನ ದನಿ ತೆಗೆದಾಗಲೆಲ್ಲ ಅವರು ನನ್ನ ಕಡೆ ಗುಮಾನಿಯಿಂದ ನೋಡುತ್ತಿದ್ದರು. ನಾನೋ ಆ ಗಂಟಲನ್ನು ಆದಷ್ಟೂ ಬದಲಾಯಿಸಿ ಸಾಹುಕಾರನಿಗೆ ನೆಗಡಿ ಬರಿಸಿದೆ.

ಕೊನೆಯ ಭಾಗ ಬಂತು. ಇನ್ನೂ ಎರಡು ಸಾಲು ಹುಳು ಬಾಕಿ. ಧರ್ಮರಾಜ ಎಲ್ಲರನ್ನೂ ಟೈಲರನ ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯಲ್ಲಿ ಕೂರಿಸಿದ. ಕೊನೆಯ ಕಡಲೆಕಾಯಿ ತೆಗೆದ. ಬಾಗಿಲು ತೆರೆಯಿತು. ಒಳಗೆ ಬಂದವನು, ಕೇಳಿ, ಯಾವುದೋ ಕಪ್ಪು ಕನ್ನಡಕದ ಆಸಾಮಿ. ಗೋವಿಂದರಾಜುವಿನ ಹಳೇ ಸ್ನೇಹಿತನಂತೆ, ದುಬೈಯಿಂದ ಬಂದಿದ್ದನಂತೆ, ಕೊಂದವನು ಅವನಂತೆ! ಇಷ್ಟು ವಾರದಲ್ಲಿ ಅವನ ನೆರಳೂ ನಾವು ನೋಡಿರಲಿಲ್ಲ.

ನನಗೆ ಫೋನನ್ನು ಹೊಂಗೆಮರಕ್ಕೆ ಹೊಡೆಯುವಷ್ಟು ಸಿಟ್ಟು ಬಂತು. ಒಳಗೆ ನೋಡಿದೆ. ಎಲ್ಲರ ಕೈ ನಿಧಾನವಾಗಿದೆ, ಕಿವಿ ಕಿಟಕಿಯ ಕಡೆ. ಅಕ್ಕಯಮ್ಮನ ಬಾಯಿ ಅರ್ಧ ತೆರೆದಿದೆ. ಈಗ ಹೋಗಿ ದುಬೈ ಅಂದರೆ? ಬೊಗಸೆಯ ಹುಳು ಅಲ್ಲೇ ಇಟ್ಟು, "ಥೂ, ಇದಕ್ಕಾ ಕಾದಿದ್ದು" ಅಂತ ಎದ್ದು ಹೋಗುತ್ತಾರೆ. ಎರಡು ಸಾಲು ಹುಳು ತಲೆಯಾಡಿಸುತ್ತಾ ಕಾಯುತ್ತಿವೆ. ನಾನು ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡೆ.

"ಧರ್ಮರಾಜ ಸುಮ್ಮನೆ ಕೂತಿದಾನೆ" ಅಂದೆ. "ಯಾರನ್ನೂ ಏನೂ ಕೇಳ್ತಿಲ್ಲ. 'ಹ್ಞೂಂ... ಬಾಯಾರಿಕೆ' ಅಂತಾನೆ. 'ತಿಪ್ಪೇಶಾ, ಒಂದು ಲೋಟ ನೀರು ತಗೊಂಬಾ.'"

ಒಳಗೆ ಅಕ್ಕಯಮ್ಮ ತಟ್ಟನೆ ತಲೆಯೆತ್ತಿದರು.

"ಪದ್ಮ ಏಳ್ತಾಳೆ. ಧರ್ಮರಾಜ 'ನೀವು ಕೂತ್ಕೊಳಿ ಅಮ್ಮಾ, ಅವನು ತರ್ತಾನೆ' ಅಂತಾನೆ. ತಿಪ್ಪೇಶ ಒಳಗೆ ಅಡುಗೆಮನೆಗೆ ಹೋಗ್ತಾನೆ. ಕತ್ತಲು. ಲೈಟ್ ಹಾಕಲ್ಲ. ಬಾಗಿಲ ಹಿಂದೆ ಕೈ ಹಾಕ್ತಾನೆ..."

"ಬಿಂದಿಗೆ!" ಅಂತ ಚೀರಿದರು ಅಕ್ಕಯಮ್ಮ. "ನಾನು ಹೇಳಲಿಲ್ಲವೇನ್ರಾ! ವಾಡೇ! ವಾಡೇ!"

"ಹುಳ ನೋಡ್ರಮ್ಮಾ, ಹುಳ!" ಅಂತ ಚಿಕ್ಕಮ್ಮ ಕೂಗಿದರು. ಆದರೆ ಕೈಗಳು ಆಗಲೇ ಹಾರುತ್ತಿದ್ದವು. ನಾನು ತಿಪ್ಪೇಶನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಲೋಟ ಕೈಯಿಂದ ಜಾರಿಸಿದೆ, ಟೋಪಿ ಬೀಳಿಸಿದೆ, ಈ ಸಲ ಯಾರೂ ನಗದ ಹಾಗೆ ಬೀಳಿಸಿದೆ. ಅಳಿಸಿದೆ. ಓಡಿಸಿ ಹಿಡಿಸಿದೆ. ಸಾಲು ಎಷ್ಟು ಉಳಿದಿದೆ ಅಂತ ಕಿಟಕಿಯಿಂದ ಬಗ್ಗಿ ನೋಡುವುದು, ಅಷ್ಟಕ್ಕೆ ತಕ್ಕ ಹಾಗೆ ಅವನನ್ನು ಇನ್ನೊಂದು ಬೀದಿ ಓಡಿಸುವುದು! ಕೊನೆಯ ಹುಳು ಚಂದ್ರಿಕೆ ಸೇರಿದಾಗಲೇ ಅವನ ಕೈಗೆ ಬೇಡಿ ಬಿದ್ದದ್ದು. ಚಪ್ಪಾಳೆ ಹೊಡೆದರು. ನನ್ನ ಬದುಕಿನಲ್ಲಿ ಅಂಥ ಚಪ್ಪಾಳೆ ಯಾವ ಸ್ಟೇಜಿನಲ್ಲೂ ಬಿದ್ದಿಲ್ಲ.

ಮಾರನೆಯ ಬೆಳಗ್ಗೆ ದೊಡ್ಡಪ್ಪ ಹಾಲಿನ ಡೈರಿಗೆ ಹೋದರು. ಅಲ್ಲಿ ಕ್ಯೂನಲ್ಲಿ ಯಾರೋ ದುಬೈ ಸ್ನೇಹಿತನ ಮಾತೆತ್ತಿದರಂತೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಯಾವ ದುಬೈ? ಕೊಂದವನು ಕಾನ್‌ಸ್ಟೇಬಲ್ಲು" ಅಂದರಂತೆ. ಎಲ್ಲರೂ ನಕ್ಕರಂತೆ. ದೊಡ್ಡಪ್ಪ ಸೋಲೊಪ್ಪುವ ಜಾತಿಯೇ ಅಲ್ಲ. ಹಾಲಿನ ಕ್ಯಾನು ಕೆಳಗಿಟ್ಟು ಬಿಂದಿಗೆಯಿಂದ ಬೇಡಿಯವರೆಗೂ ವಾದ ಮಾಡಿದ್ದಾರೆ. ಕೊನೆಗೆ ಯಾರೋ ಫೋನಿನಲ್ಲಿ ಆ ಸೀನನ್ನೇ ತೋರಿಸಿದ್ದಾರೆ.

ಅಂಗಳಕ್ಕೆ ಬಂದಾಗ ಅವರ ಮುಖ ಕೆಂಡವಾಗಿತ್ತು. "ಡೈರಿ ಮುಂದೆ ನನ್ನ ಮಾನ ಕಳೆದ್ಯಲ್ಲೋ! ಸರೋಜಾ, ಗೂಡು ಬಿಡಿಸಮ್ಮ. ಮಾರಿಕೊಂಡು ಬಂದ ಮೇಲೆ ಈ ಶೆಡ್ಡಿನ ವಿಷಯ ಮಾತಾಡಣ."

ಅವರು ಹೋದ ಮೇಲೆ ಚಿಕ್ಕಮ್ಮ ಜಗಲಿಯಲ್ಲಿ ಕೂತರು. "ಹುಳ ಏನೋ ಉಳಿಸಿಕೊಟ್ಟೆ. ನಿನ್ನ ನಾಲಿಗೆ ಶೆಡ್ಡನ್ನೇ ತಿಂದುಬಿಡ್ತೋ ಏನೋ."

ನಾನು ಪೊರಕೆ ಹಿಡಿದು ಶೆಡ್ಡಿನ ಕಸ ಗುಡಿಸಲು ಹೋದೆ. ಅಕ್ಕಯಮ್ಮ, ಶೋಭ ಕೆಲಸಕ್ಕೆ ಬಂದರು. ಅವರಿಗೂ ಸುದ್ದಿ ಮುಟ್ಟಿತ್ತು; ನನ್ನನ್ನು ಹುರಿಯುತ್ತಾರೆ ಅಂದುಕೊಂಡೆ. ಅಕ್ಕಯಮ್ಮ ಸೆರಗು ಸಿಕ್ಕಿಸಿಕೊಂಡು, "ಆ ಟಿವಿ ಅವರಿಗೆ ಬುದ್ಧಿ ಇಲ್ಲ ರಾ. ಬಿಂದಿಗೆ ಅಷ್ಟು ಸಲ ತೋರಿಸಿಬಿಟ್ಟು ಮರೆತೇ ಹೋದ್ರು" ಅಂದರು. ಶೋಭ, "ದುಬೈಯವನು ಕೊಂದ್ರೆ ನಮಗೇನು ಭಯ? ಅವನು ದುಬೈಗೆ ಹೋಗ್ತಾನೆ. ತಿಪ್ಪೇಶ ಆದ್ರೆ ದಿನಾ ಬೀದೀಲಿ ಸಿಗ್ತಾನಲ್ಲ" ಅಂದಳು. ಕ್ರೈಂ ಸೀರಿಯಲ್ಲಿನ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಆದರೆ ಅವರಿಬ್ಬರ ತೀರ್ಪು ಶೆಡ್ಡನ್ನು ಉಳಿಸುವಂತಿರಲಿಲ್ಲ.

ಗೂಡು ಗಟ್ಟಿಯಾಗುವ ತನಕ ಮನೆಯಲ್ಲಿ ನಾನು ಸ್ವಂತ ದನಿಯಲ್ಲೇ ಮಾತಾಡಿದೆ. ಅದು ಹೇಗಿದೆ ಅಂತ ನನಗೇ ಮರೆತು ಹೋಗಿತ್ತು. ಚಪ್ಪರದ ಕೆಳಗೆ ಚಂದ್ರಿಕೆಗಳ ಸುರುಳಿಗಳ ತುಂಬ ಬೆಳ್ಳಗೆ, ಒಂದೇ ಅಳತೆಗೆ, ಗೂಡುಗಳು ಕೂತಿದ್ದವು. ಬಿಡಿಸುವಾಗ ಜೊಳ್ಳು ಹುಡುಕಿದರೂ ಸಿಗುತ್ತಿರಲಿಲ್ಲ. ಚಿಕ್ಕಮ್ಮ ಪ್ರತಿಯೊಂದನ್ನೂ ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, ಮೂಟೆಗೆ ಹಾಕುತ್ತಿದ್ದರು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ದೊಡ್ಡಪ್ಪನ ಪಿಕಪ್ಪಿನಲ್ಲೇ ಹೋದೆವು. ಮಾರುಕಟ್ಟೆಯಲ್ಲಿ ಗೂಡನ್ನು ಜಾಲರಿಯಲ್ಲಿ ಹರಡಿದ್ದೇ ತಡ ನೂಲು ಬಿಚ್ಚುವ ರೀಲರುಗಳು ಬಂದು ಮುತ್ತಿಕೊಂಡರು. ಬಿಳಿಗಡ್ಡದ ಸಾ‌ಹೇಬರೊಬ್ಬರು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಕುಲುಕಿ, ಇನ್ನೊಂದು ಹಿಡಿ ಎತ್ತಿ, ಕುಲುಕಿ, "ಅಚ್ಛಾ ಮಾಲ್ ಹೈ ಅಮ್ಮಾ. ಯಾರು ಮೇಯ್ಸಿದ್ದು?" ಅಂದರು. ಚಿಕ್ಕಮ್ಮ ಅಭ್ಯಾಸಬಲದಿಂದ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ನನ್ನ ಯಾಕೆ ನೋಡ್ತೀಯಮ್ಮ, ನಿನ್ನ ಕೇಳ್ತಾವ್ರೆ" ಅಂದರು. ಹರಾಜು ಕೂಗಿದಾಗ ನಮ್ಮ ಲಾಟು ಆ ಸಾಲಿನಲ್ಲೇ ಎಲ್ಲಕ್ಕಿಂತ ಹೆಚ್ಚು ಬೆಲೆಗೆ ಹೋಯಿತು. ನಾನು ಕುಣಿಯಬೇಕು ಅಂದುಕೊಂಡೆ. ದೊಡ್ಡಪ್ಪನ ಮುಖ ನೋಡಿ ಕಾಲು ಕಟ್ಟಿಕೊಂಡೆ.

ವಾಪಸು ಬರುವಾಗ ಮೂವರೂ ಮುಂದೆ ಕೂತಿದ್ದೆವು. ಊರು ದಾಟಿ ಒಂದಷ್ಟು ದೂರ ಬಂದ ಮೇಲೆ ಆ 'ಖ್ಖರ್ರ್' ಕೇಳಿಸಿತು. ಚಿಕ್ಕಮ್ಮ ಮಡಿಲಲ್ಲಿದ್ದ ಖಾಲಿ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಲೋ ಮಂಜ."

"ಏನ್ ದೊಡ್ಡಪ್ಪ."

"ಆ ತಿಪ್ಪೇಶ ಟೈಲರನ್ನ ಯಾಕೋ ಕೊಂದ?"

ನನ್ನ ಕತೆಯಲ್ಲಿ ಬಿಂದಿಗೆ ಇತ್ತು, ಬೇಡಿ ಇತ್ತು, ಕಾರಣ ಮಾತ್ರ ಇಟ್ಟೇ ಇರಲಿಲ್ಲ. "ಅದು... ಅಷ್ಟೊತ್ತಿಗೆ ಹುಳ ಮುಗಿದೋಗಿದ್ವು ದೊಡ್ಡಪ್ಪ."

"ಬಿಡಿ ಭಾವ" ಅಂದರು ಚಿಕ್ಕಮ್ಮ ಮೆಲ್ಲಗೆ. "ಅವನು ಕಟ್ಟಿದ ಸುಳ್ಳು ಕತೆ ಅದು."

"ಸುಳ್ಳು ಅಂತ ನನಗೂ ಗೊತ್ತಮ್ಮ. ಡೈರಿ ಹತ್ರ ದಿನಾ ಕೇಳ್ತಾರೆ, 'ಕೆಂಪಣ್ಣ, ನಿಮ್ಮ ಕಾನ್‌ಸ್ಟೇಬಲ್ ಯಾಕೆ ಕೊಂದ' ಅಂತ. ಏನೋ ಒಂದು ಹೇಳಬೇಕಲ್ಲ." ಅವರು ಗೇರು ಬದಲಾಯಿಸಿದರು. "ಆತುರ ಏನಿಲ್ಲ ಕಣೋ. ಮುಂದಿನ ಬೆಳೆ ಹಣ್ಣಾಗೋ ಹೊತ್ತಿಗೆ ಯೋಚನೆ ಮಾಡಿ ಇಟ್ಕೊಂಡಿರು."

ಗಾಡಿ ಒಂದು ಮೋರಿ ದಾಟಿತು, ಇನ್ನೊಂದು ದಾಟಿತು. ಚಿಕ್ಕಮ್ಮ ಚೀಲವನ್ನು ಮಡಿಚಿದರು, ಮತ್ತೆ ಬಿಡಿಸಿದರು. ಆಮೇಲೆ ಹುಳುಮನೆಯಲ್ಲಿ ಮಾತ್ರ ಕೇಳಿಸುತ್ತಿದ್ದ ಆ ದನಿಯಲ್ಲಿ ಅಂದರು:

"ಹಂಗಾದ್ರೆ ಗಾಡಿ ತಿರುಗಿಸಿ ಭಾವ. ಚಾಕಿ ಸೆಂಟರ್ ಹಿಂದೆ ಉಳೀತು, ಇವತ್ತೇ ಮರಿಹುಳಕ್ಕೆ ಹೇಳಿಬಿಟ್ಟು ಹೋಗಣ."

ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳಲಿಲ್ಲ. ರಿವರ್ಸ್ ಹಾಕಿದರು.